ಚರ್ಚಿನ ‘ಪ್ರಸಾದ’ದ ಸಾಲಿನಲ್ಲಿ ನಾವೂ ನಿಲ್ಲಬಹುದಾ?

[ದೃಶ್ಯ: ಬಳ್ಳಾರಿ, ಭಾನುವಾರ ಬೆಳಿಗ್ಗೆ. ಚರ್ಚಿನ ಅಂಗಳದ ಬೇವಿನ ಮರದ ಕೆಳಗೆ ನಿರೂಪಕ. ಹಿಂದೆ ಗಂಟೆಯ ಸದ್ದು.]

ನಮಸ್ಕಾರ. ಸಿಂಧನೂರಿನಿಂದ ನಮ್ಮ ಚಾನೆಲ್ ನೋಡುವ ಒಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಅವರ ಜೊತೆ ಕೆಲಸ ಮಾಡುವವರೊಬ್ಬರು ಮಗಳ ‘ಮೊದಲ ಪರಮಪ್ರಸಾದ’ಕ್ಕೆ ಕರೆದಿದ್ದಾರಂತೆ. ಅಂದರೆ ಕ್ಯಾಥೊಲಿಕ್ ಮನೆಯ ಮಗು ಚರ್ಚಿನ ಪ್ರಸಾದವನ್ನು ಮೊದಲ ಸಲ ತಗೊಳ್ಳುವ ದಿನ. ಕಾರ್ಯಕ್ರಮ ಬಳ್ಳಾರಿಯ ಚರ್ಚಿನಲ್ಲಿ. ಇವರು ಹುಟ್ಟಿದಾಗಿನಿಂದ ಚರ್ಚ್ ಒಳಗೆ ಕಾಲಿಟ್ಟವರಲ್ಲ. ಕೇಳಿದ್ದು ಇಷ್ಟು: “ಒಳಗೆ ಹೋದರೆ ಏನು ಮಾಡಬೇಕು? ಪ್ರಸಾದ ಕೊಡ್ತಾರಂತೆ. ತಗೋಬಹುದಾ? ಬೇಡ ಅಂದ್ರೆ ತಪ್ಪಾಗುತ್ತಾ?”

ಕೊನೆಯ ಸಾಲು ನೋಡಿ. ಅದನ್ನು ನಮ್ಮ ಕಡೆಯವರು ಮಾತ್ರ ಕೇಳೋಕೆ ಸಾಧ್ಯ. ಗುಡಿಯಲ್ಲಿ, ಮಠದಲ್ಲಿ, ಉರುಸಿನಲ್ಲಿ, ಎಲ್ಲೇ ಆಗಲಿ, ಕೊಟ್ಟದ್ದನ್ನು ಬೇಡ ಅನ್ನಬಾರದು ಅಂತ ಬೆಳೆದವರು ನಾವು. ಬಲಗೈ ಚಾಚು, ಎಡಗೈ ಕೆಳಗಿಡು, ಕಣ್ಣಿಗೆ ಒತ್ತಿಕೋ, ತಿನ್ನು. ಅಷ್ಟೇ.

ಅದೇ ಅಭ್ಯಾಸಬಲದಿಂದ ನಾನೊಮ್ಮೆ ಸಿಕ್ಕಿಬಿದ್ದಿದ್ದೇನೆ. ಕಾಲೇಜು ದಿನಗಳು. ರಾಯಚೂರಿನಲ್ಲಿ ಗೆಳೆಯನ ಜೊತೆ ಚರ್ಚಿನ ಭಾನುವಾರದ ಪೂಜೆಗೆ ಹೋಗಿದ್ದೆ. ಎಲ್ಲರೂ ಎದ್ದು ಸಾಲಾಗಿ ಹೊರಟರು. ನಾನೂ ಹೊರಟೆ. ಮುಂದೆ ಫಾದರ್ ಬಿಳಿ ಬಿಲ್ಲೆಯಂಥದ್ದನ್ನು ಒಬ್ಬೊಬ್ಬರಿಗೇ ಕೊಡುತ್ತಿದ್ದರು. ನನ್ನ ಸರದಿ ಬಂತು. ನಾನು ಗುಡಿಯಲ್ಲಿ ಚಾಚಿದ ಹಾಗೆ ಕೈ ಚಾಚಿದೆ. ಅವರಿಗೆ ಅನುಮಾನ ಬಂತು. ಮೆಲ್ಲಗೆ ಕೇಳಿದರು, “ಮೊದಲ ಪರಮಪ್ರಸಾದ ಆಗಿದೆಯಾ?”

ನಾನು ಅಷ್ಟೇ ಮೆಲ್ಲಗೆ ಹೇಳಿದೆ, “ಇಲ್ಲ ಫಾದರ್, ಬೆಳಿಗ್ಗೆ ಬರೀ ಒಗ್ಗರಣಿ ಮಿರ್ಚಿ ಆಗಿದೆ.”

ಪುಣ್ಯಾತ್ಮ ನಗಲಿಲ್ಲ. ತಲೆ ಮೇಲೆ ಕೈಯಿಟ್ಟು ಹರಸಿ ಕಳಿಸಿದರು. ಗೆಳೆಯ ಮಾತ್ರ ಇವತ್ತಿಗೂ ನನ್ನನ್ನು ಕರೆಯುವುದು ಒಗ್ಗರಣಿ ಅಂತಲೇ.

ಹಾಗಾಗಿ ಈ ಪ್ರಶ್ನೆ ನನ್ನದೂ ಹೌದು. ಬೇಗ ಬೇಗ ಶುರು ಮಾಡೋಣ.

[ದೃಶ್ಯ: ಬಾಗಿಲ ಹೊರಗೆ ಚಪ್ಪಲಿಗಳ ರಾಶಿ.]

ಮೊದಲು ಚಪ್ಪಲಿ. ಬಾಗಿಲಲ್ಲಿ ಚಪ್ಪಲಿ ಕಂಡರೆ ನೀವೂ ಬಿಡಿ. ಕಾಣದಿದ್ದರೆ ಹಾಕಿಕೊಂಡೇ ಹೋಗಿ. ಇದಕ್ಕೊಂದು ಕಥೆ ಇದೆ. ನಮ್ಮ ಕಡೆ ಕ್ಯಾಥೊಲಿಕ್ ಪೂಜೆ 1960ರ ದಶಕದವರೆಗೂ ಲ್ಯಾಟಿನ್ ಭಾಷೆಯಲ್ಲೇ ನಡೆಯುತ್ತಿತ್ತು. ಹಳ್ಳಿಯ ರೈತನಿಗೂ ಲ್ಯಾಟಿನ್ನೇ. ಜಗತ್ತಿನ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಸಭೆ ಆದ ಮೇಲೆ ಆಯಾ ಊರಿನ ಭಾಷೆ ಒಳಗೆ ಬಂತು. 1969ರ ಏಪ್ರಿಲ್‌ನಲ್ಲಿ ರೋಮ್, ಅಂದರೆ ಪೋಪರ ಆಡಳಿತ, ಭಾರತದ ಚರ್ಚುಗಳಿಗೆ 12 ಬದಲಾವಣೆಗಳಿಗೆ ಒಪ್ಪಿಗೆ ಕೊಟ್ಟಿತು. ನೆಲದ ಮೇಲೆ ಕೂರಬಹುದು, ಪಾದರಕ್ಷೆ ಬಿಡಬಹುದು, ಮೊಣಕಾಲೂರುವ ಬದಲು ಕೈ ಮುಗಿದು ಬಾಗಬಹುದು, ಮೇಣದ ಬತ್ತಿ ಬದಲು ಎಣ್ಣೆ ದೀಪ ಹಚ್ಚಬಹುದು, ಆರತಿ ಮಾಡಬಹುದು. ಅಂದರೆ ನೀವು ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ರೋಮಿನ ಒಪ್ಪಿಗೆ ಇದೆ. ಕಳೆದು ಹೋದರೆ ಮಾತ್ರ ರೋಮ್ ಜವಾಬ್ದಾರಿ ಅಲ್ಲ.

ಒಳಗೆ ಎಲ್ಲಿ ಕೂರಬೇಕು? ಹಿಂದೆ ಕೂರಿ. ಹಳ್ಳಿ ಕಡೆ ಗಂಡಸರು ಒಂದು ಬದಿ, ಹೆಂಗಸರು ಇನ್ನೊಂದು ಬದಿ ಕೂರುವುದುಂಟು. ಹೆಂಗಸರು ತಲೆ ಮೇಲೆ ಸೆರಗು ಹೊದ್ದಿರುತ್ತಾರೆ. ಪೂಜೆ ಸುಮಾರು ಒಂದು ಗಂಟೆ. ಮೊದಲ ಪರಮಪ್ರಸಾದದ ದಿನ ಜಾಸ್ತಿ ಹೊತ್ತು ಹಿಡಿಯುತ್ತದೆ. ಆ ಒಂದು ಗಂಟೆಯಲ್ಲಿ ಏಳು, ಕೂರು, ಮೊಣಕಾಲೂರು, ಮತ್ತೆ ಏಳು. ಶಾಲೆಯ ಡ್ರಿಲ್ ಪಿರಿಯಡ್ ನೆನಪಾಗುತ್ತದೆ. ಮುಂದಿನವರನ್ನು ನೋಡಿಕೊಂಡು ಎದ್ದರೆ ಸಾಕು. ಅದಕ್ಕೇ ಹಿಂದೆ ಕೂರಿ ಅಂದಿದ್ದು. ಮೊಣಕಾಲೂರಲೇಬೇಕು ಅಂತ ಏನಿಲ್ಲ, ಸುಮ್ನೆ ಕೂತರೂ ನಡೆಯುತ್ತದೆ.

ಪೂಜೆಯಲ್ಲಿ ಎರಡು ಭಾಗ. ಮೊದಲರ್ಧ ಕೇಳುವುದು. ಬೈಬಲಿನಿಂದ ವಾಚನಗಳು, ನಡುವೆ ಕೀರ್ತನೆ, ಆಮೇಲೆ ಶುಭಸಂದೇಶ, ಅಂದರೆ ಬೈಬಲಿನಲ್ಲಿ ಯೇಸುವಿನ ಬದುಕು, ಮಾತು ಇರುವ ಭಾಗ. ಶುಭಸಂದೇಶ ಓದುವಾಗ ಎಲ್ಲರೂ ಎದ್ದು ನಿಂತು ಹಣೆ, ತುಟಿ, ಎದೆಯ ಮೇಲೆ ಹೆಬ್ಬೆರಳಿನಿಂದ ಪುಟ್ಟ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ಈ ಮಾತು ತಲೆಯಲ್ಲಿರಲಿ, ಬಾಯಲ್ಲಿರಲಿ, ಎದೆಯಲ್ಲಿರಲಿ ಅಂತ. ನೀವು ಹಾಕಬೇಕಿಲ್ಲ. ಆಮೇಲೆ ಫಾದರ್ ಪ್ರಬೋಧನೆ. ಇನ್ನರ್ಧ ಊಟ. ಹೌದು, ಊಟ. ಇಲ್ಲಿಂದ ನನ್ನ ಇಷ್ಟದ ವಿಷಯ ಶುರು. ಸ್ವಲ್ಪ ಸಹಿಸಿಕೊಳ್ಳಿ.

[ದೃಶ್ಯ: ಕೈಯಲ್ಲಿ ಖಡಕ್ ಜೋಳದ ರೊಟ್ಟಿ. ನಿಧಾನವಾಗಿ ಮುರಿಯುತ್ತಾರೆ. ಕಟ್ ಅನ್ನುವ ಸದ್ದು.]

ಯೇಸು ಸಾಯುವ ಹಿಂದಿನ ರಾತ್ರಿ ಶಿಷ್ಯರ ಜೊತೆ ಊಟಕ್ಕೆ ಕೂತಿದ್ದು ನಿಮಗೆ ಗೊತ್ತು. ಕನ್ನಡ ಬೈಬಲಿನಲ್ಲಿ ಆ ಊಟದಲ್ಲಿ ಏನಿದೆ ಗೊತ್ತಾ? ಬ್ರೆಡ್ ಅಲ್ಲ. ರೊಟ್ಟಿ. ಯೇಸು ರೊಟ್ಟಿ ತಗೊಂಡರು, ದೇವರಿಗೆ ಸ್ತೋತ್ರ ಮಾಡಿದರು, ಮುರಿದರು, ಶಿಷ್ಯರಿಗೆ ಕೊಟ್ಟರು. ಪೂಜೆಯ ಈ ಅರ್ಧ ಆ ಊಟದ ನೆನಪಿಗೇ. ನಾನು ಕೈ ಚಾಚಿದ ಆ ಬಿಳಿ ಬಿಲ್ಲೆಯೇ ಆ ರೊಟ್ಟಿ.

ಬೆಂಗಳೂರಿನವರು ‘ರೊಟ್ಟಿ’ ಅಂತ ಓದಿದರೆ ಅಕ್ಕಿ ರೊಟ್ಟಿ ನೆನಪಾದೀತು. ನಾವು ಬಳ್ಳಾರಿ, ರಾಯಚೂರು, ಕೊಪ್ಪಳದವರು ಓದಿದರೆ? ನಮಗೆ ರೊಟ್ಟಿ ಅಂದ್ರೆ ಒಂದೇ. ಅಡುಗೆಮನೆಯಿಂದ ಬೆಳಿಗ್ಗೆ ಕೇಳುವ ಆ ಪಟಪಟ ಬಡಿಯುವ ಸದ್ದು. ‘ಮುರಿದರು’ ಅನ್ನುವ ಮಾತೂ ನಮಗೇ ಹೆಚ್ಚು ಹೊಂದುತ್ತದೆ. ಚಪಾತಿಯನ್ನು ಯಾರೂ ಮುರಿಯುವುದಿಲ್ಲ, ಹರಿಯುತ್ತಾರೆ. ಖಡಕ್ ರೊಟ್ಟಿಯನ್ನು ಮಾತ್ರ ಮುರಿಯುತ್ತಾರೆ. ಅಂದಹಾಗೆ, ಬೈಬಲನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸ ನಡೆದದ್ದು ನಮ್ಮ ಬಳ್ಳಾರಿಯಲ್ಲೇ. ಲಂಡನ್ ಮಿಷನ್ ಅನ್ನುವ ಕ್ರೈಸ್ತ ಪ್ರಚಾರ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ಕೂತರು. ಅವರ ಜೊತೆಗಾರ ವಿಲಿಯಂ ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದರು. ಕಿಟೆಲ್ ನಿಘಂಟು ಬಂದಿದ್ದು 1894ರಲ್ಲಿ. ಅರವತ್ತು ವರ್ಷ ಮೊದಲೇ ನಮ್ಮ ಬಿಸಿಲಿನಲ್ಲಿ ಕೂತು ಒಬ್ಬರು ಕನ್ನಡ ಪದ ಎಣಿಸುತ್ತಿದ್ದರು. ನಮ್ಮ ಊರಿನವರೇ ಇದನ್ನು ಹೇಳಿಕೊಳ್ಳುವುದಿಲ್ಲ, ನನಗೆ ಅದೇ ಬೇಜಾರು.

ರೊಟ್ಟಿಗೆ ವಾಪಸ್ ಬರೋಣ. ಆ ರಾತ್ರಿಯದು ಯೆಹೂದಿಗಳ ಪಸ್ಕ ಹಬ್ಬದ ಊಟ. ಅವರ ಪೂರ್ವಿಕರು ಈಜಿಪ್ಟ್ ಬಿಟ್ಟು ಓಡಿಬರುವಾಗ ಹಿಟ್ಟು ಹುಳಿ ಬರುವವರೆಗೆ ಕಾಯಲಿಕ್ಕೂ ಸಮಯ ಇರಲಿಲ್ಲ. ಅದರ ನೆನಪಿಗೆ ಆ ಹಬ್ಬದಲ್ಲಿ ಹುಳಿಯಿಲ್ಲದ ರೊಟ್ಟಿ. ಈಗ ಹೇಳಿ, ಹುಳಿ ಹಾಕದೆ, ಉಬ್ಬಿಸದೆ, ಹಿಟ್ಟು ಬಿಸಿನೀರಿನಲ್ಲಿ ಕಲಸಿ ತಕ್ಷಣ ಬಡಿದು ಹಂಚಿಗೆ ಹಾಕುವ ರೊಟ್ಟಿ ನಮಗೆ ಹೊಸದಾ? ಐದು ರೊಟ್ಟಿ ಎರಡು ಮೀನಿನಲ್ಲಿ ಐದು ಸಾವಿರ ಜನ ಉಂಡ ಕಥೆ ಇದೆಯಲ್ಲ, ಅಲ್ಲಿದ್ದದ್ದು ಜವೆಗೋಧಿ ರೊಟ್ಟಿ. ಬಡವರ ರೊಟ್ಟಿ. ನಮ್ಮ ಕಡೆ ಐದು ರೊಟ್ಟಿ ಒಬ್ಬ ಆಳಿನ ಮಧ್ಯಾಹ್ನದ ಊಟ. ಪವಾಡ ಎಷ್ಟು ದೊಡ್ಡದು ಅಂತ ನಮಗೆ ಗೊತ್ತಾದಷ್ಟು ಬೇರೆಯವರಿಗೆ ಗೊತ್ತಾಗಲಿಕ್ಕಿಲ್ಲ.

ಹಾಗಾದರೆ ಪೂಜೆಯಲ್ಲಿ ಜೋಳದ ರೊಟ್ಟಿಯನ್ನೇ ಇಡಬಹುದಲ್ವಾ? ನಾನೂ ಖುಷಿಯಿಂದ ಅದನ್ನೇ ಕೇಳಿದ್ದೆ. ಇಲ್ಲ, ಆಗುವುದಿಲ್ಲ. ಕ್ಯಾಥೊಲಿಕ್ ನಿಯಮದ ಪ್ರಕಾರ ಅದು ಬರೀ ಗೋಧಿಯದ್ದೇ ಆಗಿರಬೇಕು. ಗೋಧಿ ಹಿಟ್ಟು ಮತ್ತು ನೀರು, ಮುಗೀತು. ಉಪ್ಪೂ ಇಲ್ಲ, ಎಣ್ಣೆಯೂ ಇಲ್ಲ. ಎರಡು ಕಬ್ಬಿಣದ ಹಂಚಿನ ನಡುವೆ ಒತ್ತಿ ಬೇಯಿಸಿ, ದುಂಡಗೆ ಕತ್ತರಿಸುತ್ತಾರೆ. ಗೋಧಿಯಲ್ಲಿ ಗ್ಲುಟೆನ್ ಅಂತ ಅಂಟು ಇರುತ್ತದೆ, ಚಪಾತಿ ಹಿಗ್ಗುವುದು ಅದರಿಂದಲೇ. ಜೋಳದಲ್ಲಿ ಅದಿಲ್ಲ. ಅದಕ್ಕೇ ಲಟ್ಟಿಸಲು ಹೋದರೆ ಒಡೆಯುತ್ತದೆ, ಬಿಸಿನೀರು ಬೇಕು, ಕೈಯಲ್ಲಿ ಬಡಿಯಬೇಕು. 2017ರಲ್ಲಿ ವ್ಯಾಟಿಕನ್ ಮತ್ತೊಮ್ಮೆ ಪತ್ರ ಬರೆದು ನೆನಪಿಸಿತು: ಗ್ಲುಟೆನ್ ಕಡಿಮೆ ಇದ್ದರೆ ಸರಿ, ಪೂರ್ತಿ ಇಲ್ಲದ್ದು ನಡೆಯುವುದಿಲ್ಲ. ಅಲ್ಲಿಗೆ ನಮ್ಮ ಬಿಳಿಜೋಳ ಹೊರಗೆ. ನನಗೆ ಸ್ವಲ್ಪ ಅವಮಾನವೇ ಆಯಿತು.

[ಕ್ಯಾಮೆರಾ ಹಿಂದಿನಿಂದ ದನಿ: “ಅಣ್ಣಾ, ರೊಟ್ಟಿ ಆತು. ಪ್ರಶ್ನಿಗೆ ಬರ್ರಿ.”]

ಬಂದೆ, ಬಂದೆ. ತಗೋಬಹುದಾ?

ಗೊಂದಲ ಹುಟ್ಟಿಸಿದ್ದು ಪದವೇ. ಕನ್ನಡದ ಕ್ಯಾಥೊಲಿಕರು ಅದನ್ನು ‘ಪರಮಪ್ರಸಾದ’ ಅನ್ನುತ್ತಾರೆ. ಪೂಜೆಗೆ ‘ಬಲಿಪೂಜೆ’ ಅನ್ನುತ್ತಾರೆ. ಪದ ನಮಗೆ ಪರಿಚಯದ್ದು, ಒಳಗಿನ ಅರ್ಥ ಬೇರೆ. ಗುಡಿಯ ಪ್ರಸಾದ ದೇವರಿಗೆ ಅರ್ಪಿಸಿ ಹಂಚಿದ್ದು, ಬಂದವರಿಗೆಲ್ಲ. ಆದರೆ ಕ್ಯಾಥೊಲಿಕರ ನಂಬಿಕೆಯಲ್ಲಿ ಆ ರೊಟ್ಟಿ ಬರೀ ಹಂಚಿದ ತಿನಿಸಲ್ಲ. ಆ ರಾತ್ರಿ ಯೇಸು ಹೇಳಿದ ‘ಇದು ನನ್ನ ಶರೀರ’ ಅನ್ನುವ ಮಾತುಗಳನ್ನು ಫಾದರ್ ಹೇಳಿದ ಮೇಲೆ ಅದು ಕ್ರಿಸ್ತನ ಶರೀರವೇ. ಕೊಡುವಾಗ ಹಾಗೇ ಹೇಳಿ ಕೊಡುತ್ತಾರೆ. ತಗೊಳ್ಳುವವರು ‘ಆಮೆನ್’ ಅನ್ನುತ್ತಾರೆ. ಹೌದು, ಹಾಗೇ ಆಗಲಿ, ನಾನು ನಂಬುತ್ತೇನೆ ಅಂತ.

ನಮ್ಮ ಮದುವೆ ಮನೆ ನೆನೆಸಿಕೊಳ್ಳಿ. ನೀವು ಹೋಗಬಹುದು, ಅಕ್ಕಿಕಾಳು ಹಾಕಬಹುದು, ಫೋಟೊಗೆ ನಿಲ್ಲಬಹುದು, ಎರಡು ಸಲ ಪಂಕ್ತಿಗೆ ಕೂತರೂ ಯಾರೂ ಕೇಳುವುದಿಲ್ಲ. ಆದರೆ ಬಾಸಿಂಗ ಕಟ್ಟಿಕೊಳ್ಳುವುದಿಲ್ಲ ಅಲ್ವಾ? ಕೊಡಲಿಲ್ಲ ಅಂತ ಸಿಟ್ಟೂ ಬರುವುದಿಲ್ಲ. ಇದೂ ಹಾಗೇ.

ಇದು ಹೊರಗಿನವರಿಗೆ ಮಾತ್ರ ಇರುವ ನಿಯಮ ಅಂದುಕೊಳ್ಳಬೇಡಿ. ಆ ಮನೆಯ ಪುಟ್ಟ ಮಕ್ಕಳಿಗೂ ಸಿಗುವುದಿಲ್ಲ. ಸುಮಾರು ಏಳು ವರ್ಷ ದಾಟಬೇಕು, ಪಾಠ ಕಲಿಯಬೇಕು, ಪಾಪನಿವೇದನೆ ಮಾಡಬೇಕು, ಅಂದರೆ ಫಾದರ್ ಹತ್ತಿರ ತಪ್ಪು ಒಪ್ಪಿಕೊಳ್ಳಬೇಕು, ಆಮೇಲೆ. ಅದಕ್ಕೇ ‘ಮೊದಲ ಪರಮಪ್ರಸಾದ’ ಅಷ್ಟು ದೊಡ್ಡ ದಿನ. ಆ ಹುಡುಗಿ ಬಿಳಿ ಬಟ್ಟೆ ಹಾಕಿಕೊಂಡು ನಿಂತಿರುವುದು, ಅವಳ ಅಪ್ಪ ನಿಮ್ಮನ್ನು ಸಿಂಧನೂರಿನಿಂದ ಕರೆಸಿರುವುದು ಅದಕ್ಕೇ. ದೊಡ್ಡವರಿಗೂ ಶಿಸ್ತು ಇದೆ. ತಗೊಳ್ಳುವ ಒಂದು ಗಂಟೆ ಮೊದಲಿನಿಂದ ನೀರು, ಔಷಧಿ ಬಿಟ್ಟು ಏನೂ ಬಾಯಿಗೆ ಹಾಕುವಂತಿಲ್ಲ. ನಾನು ಒಗ್ಗರಣಿ ಮಿರ್ಚಿ ಲೆಕ್ಕದಲ್ಲೂ ಫೇಲು.

ಹಾಗಾಗಿ ಸಾಲು ಹೊರಟಾಗ ಕೂತೇ ಇರಿ. ಕಾಲು ಬದಿಗೆ ಸರಿಸಿ ಪಕ್ಕದವರಿಗೆ ದಾರಿ ಬಿಡಿ. ಎಲ್ಲರೂ ಹೋಗಿ ನಾನೊಬ್ಬನೇ ಉಳಿದೆ ಅನ್ನಿಸಬಹುದು. ಸುತ್ತ ನೋಡಿ, ಅವರಲ್ಲೇ ಕೆಲವರು ಕೂತಿರುತ್ತಾರೆ. ಇವತ್ತು ಬೆಳಿಗ್ಗೆ ನನ್ನ ಪಕ್ಕ ಒಬ್ಬ ಹಿರಿಯ ಅವ್ವ ಇದ್ದರು. ನಾನು ಮುದುಡಿ ಕೂತಿದ್ದು ನೋಡಿ, “ಯಾಕ ತಮ್ಮಾ, ಹೊಸಬನೇನು? ಆರಾಮ ಕುಂದ್ರು. ನಾನೂ ಇವತ್ತು ಹೋಗಂಗಿಲ್ಲ, ಗುಳಗಿ ನುಂಗಾಕ ಇಡ್ಲಿ ತಿಂದೀನಿ” ಅಂದರು.

[ದೃಶ್ಯ: ಬೇವಿನ ಮರ. ಬಿಸಿಲು ಏರಿದೆ.]

ಬ್ಯಾಟರಿ ಕೆಂಪಾಗಿದೆ ಅಂತಿದ್ದಾನೆ ಕ್ಯಾಮೆರಾದವನು. ಉಳಿದದ್ದನ್ನು ಒಂದೇ ಉಸಿರಿಗೆ ಹೇಳ್ತೀನಿ.

ಸಾಲಿಗಿಂತ ಸ್ವಲ್ಪ ಮೊದಲು ಎಲ್ಲರೂ ಪಕ್ಕದವರಿಗೆ ಶಾಂತಿ ಹಾರೈಸುತ್ತಾರೆ. ಗಾಬರಿ ಬೇಡ, ಕೈ ಮುಗಿದರೆ ಸಾಕು. ಆ 12 ಬದಲಾವಣೆಗಳಲ್ಲಿ ಅದೂ ಇತ್ತು. ಕಾಣಿಕೆ ಚೀಲ ಬಂದರೆ ಹಾಕಲೇಬೇಕು ಅಂತಿಲ್ಲ, ಮುಂದಿನವರಿಗೆ ದಾಟಿಸಿ.

ಇಷ್ಟು ಹೊತ್ತು ಹೇಳಿದ್ದು ಕ್ಯಾಥೊಲಿಕ್ ಪೂಜೆ. ನಿಮ್ಮನ್ನು ಕರೆದವರು ಸಿಎಸ್ಐ (ದಕ್ಷಿಣ ಭಾರತ ಸಭೆ) ಅಥವಾ ಮೆಥೊಡಿಸ್ಟ್‌ನಂಥ ಪ್ರೊಟೆಸ್ಟೆಂಟ್ ಸಭೆಯವರಾದರೆ ಅದು ಪೂಜೆ ಅಲ್ಲ, ‘ಆರಾಧನೆ’. ಫಾದರ್ ಬದಲು ಸಭಾಪಾಲಕರು, ಪ್ರಬೋಧನೆ ಬದಲು ಪ್ರಸಂಗ, ಅದೂ ಇನ್ನೂ ಉದ್ದ. ಅಲ್ಲಿ ಪರಮಪ್ರಸಾದ ಅನ್ನುವುದಿಲ್ಲ, ‘ಕರ್ತನ ಭೋಜನ’ ಅನ್ನುತ್ತಾರೆ. ಎಷ್ಟೋ ಸಭೆಗಳಲ್ಲಿ ಪ್ರತಿ ವಾರ ಇರುವುದಿಲ್ಲ. ಅಲ್ಲೂ ದೀಕ್ಷಾಸ್ನಾನ, ಅಂದರೆ ನೀರಿನಿಂದ ಕ್ರೈಸ್ತ ಧರ್ಮಕ್ಕೆ ಸೇರಿಸುವ ಸಂಸ್ಕಾರ, ಆಗದವರು ಕೂತಿರುವುದೇ ವಾಡಿಕೆ.

ಪೆಂಟೆಕೊಸ್ಟ್ ಸಭೆ ಆದರೆ ಎರಡು-ಮೂರು ಗಂಟೆ ಕೈಯಲ್ಲಿ ಇಟ್ಟುಕೊಂಡು ಹೋಗಿ. ಕೀಬೋರ್ಡ್, ಡ್ರಮ್ಸ್, ಚಪ್ಪಾಳೆ, ಜಮಖಾನದ ಮೇಲೆ ಕೂತ ಜನ. ಬಾಗಿಲಲ್ಲೇ ‘ಸ್ತೋತ್ರ’ ಅಂತಾರೆ, ಅದು ನಮಸ್ಕಾರ ಇದ್ದ ಹಾಗೆ. ಎಲ್ಲರೂ ಒಟ್ಟಿಗೇ ಜೋರಾಗಿ ಪ್ರಾರ್ಥಿಸುತ್ತಾರೆ, ಕೆಲವರು ಅಳುತ್ತಾರೆ, ಕೆಲವರು ಅರ್ಥವಾಗದ ಭಾಷೆಯಲ್ಲಿ ಮಾತಾಡುತ್ತಾರೆ. ಹೆದರಬೇಡಿ. ಹೆದರಬೇಕಾದ್ದು ಬೇರೆ ಇದೆ: ಹೊಸಬರು ಎದ್ದು ನಿಂತು ಹೆಸರು, ಊರು ಹೇಳಿ ಅಂತ ಮೈಕ್ ಕೊಡಬಹುದು! ಬೇಡ ಅನ್ನಿಸಿದರೆ ಕೂತಲ್ಲೇ ಕೈ ಮುಗಿಯಿರಿ.

ಮುದಗಲ್ಲಿನ ಚರ್ಚಿನ ಬಗ್ಗೆ ಹೇಳಬೇಕಿತ್ತು. ಆದಿಲ್‌ಶಾಹಿ ಕಾಲದಿಂದ ಅಲ್ಲಿ ಕ್ಯಾಥೊಲಿಕರಿದ್ದಾರೆ. ಅದಕ್ಕೆ ಬೇರೆ ವಿಡಿಯೋನೇ ಬೇಕು.

ಕೊನೆಯದು, ಫೋನು. ಸೈಲೆಂಟ್ ಮಾಡಿ. ಫೋಟೊ ತೆಗೆಯುವ ಮೊದಲು ಕೇಳಿ, ಅದರಲ್ಲೂ ಪರಮಪ್ರಸಾದ ಕೊಡುವಾಗ ಕ್ಯಾಮೆರಾ ಎತ್ತಲೇಬೇಡಿ. ನಾವೂ ಕೇಳಿದ್ದೆವು. “ಒಳಗೆ ಬೇಡಪ್ಪ, ಹೊರಗೆ ಎಷ್ಟು ಬೇಕಾದರೂ ತೆಗೆದುಕೊಳ್ಳಿ” ಅಂದರು ಫಾದರ್. ಅದಕ್ಕೇ ಚರ್ಚಿನ ಬಗ್ಗೆ ವಿಡಿಯೋ ಅಂತ ಹೇಳಿ ಇಷ್ಟು ಹೊತ್ತು ನಿಮಗೆ ತೋರಿಸಿದ್ದು ಚಪ್ಪಲಿ, ರೊಟ್ಟಿ ಮತ್ತು ಬೇವಿನ ಮರ.

[ದೃಶ್ಯ: ಬೇವಿನ ಮರ. ಚಿತ್ರ ಅರ್ಧಕ್ಕೇ ನಿಲ್ಲುತ್ತದೆ.]