ದೇವರಿಲ್ಲದ ಟ್ರಿಪ್

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಮನೆಯಲ್ಲಿ ಟ್ರಿಪ್ ಅಂದರೆ ದೇವಸ್ಥಾನ. ಧರ್ಮಸ್ಥಳ, ಶೃಂಗೇರಿ, ಹೊರನಾಡು, ಒಂದು ಸುತ್ತು. ಯಾರದ್ದಾದರೂ ಮುಡಿ ಹರಕೆ ಇದ್ದರೆ ತಿರುಪತಿ. ಇದು ಬಿಟ್ಟು ಬೇರೆ ಕಾರಣಕ್ಕೆ ಮನೆಮಂದಿಯೆಲ್ಲ ಬಾಗಿಲಿಗೆ ಬೀಗ ಹಾಕಿಕೊಂಡು ಹೊರಟಿದ್ದು ಕಡಿಮೆ. ಮದುವೆ ಇದ್ದರೆ ಹೊರಡುತ್ತಿದ್ದೆವು, ಅದು ಟ್ರಿಪ್ ಅಲ್ಲ ಬಿಡಿ. ಹಾಗಿರುವಾಗ ಚಿಕ್ಕಪ್ಪ ಒಂದು ಸಲ ಬೇಸಿಗೆ ರಜೆಯಲ್ಲಿ ವಾಟರ್ ಪಾರ್ಕಿಗೆ ಹೋಗೋಣ ಅಂದಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. "ಅಲ್ಲಿ ಯಾವ ದೇವರಪ್ಪಾ ಇರೋದು?"

ದೇವರಿಲ್ಲ ಅಂತ ಗೊತ್ತಾದ ಮೇಲೆ ಅಜ್ಜಿಗೆ ಸಮಾಧಾನ ಆಗಲಿಲ್ಲ. ದುಡ್ಡು ಕೊಟ್ಟು ಒಳಗೆ ಹೋಗೋದು, ಒದ್ದೆಯಾಗೋದು, ಪ್ರಸಾದವೂ ಇಲ್ಲದೆ ಮನೆಗೆ ಬರೋದು! ಕೊನೆಗೆ ಒಂದು ಒಪ್ಪಂದ ಆಯಿತು. ಬೆಳಿಗ್ಗೆ ಚಾಮುಂಡಿ ಬೆಟ್ಟ, ಆಮೇಲೆ ಪಾರ್ಕು. ಆ ಕಾಲದಲ್ಲಿ ನಮ್ಮಂಥ ಎಷ್ಟೋ ಮನೆಗಳಲ್ಲಿ ಹೀಗೇ ನಡೆದಿರಬೇಕು. ಕುಂಕುಮ ಇಟ್ಟುಕೊಂಡೇ ನೀರಿಗೆ ಇಳಿದವರು ನಾವು.

ಹಾಗಂತ ತಿರುಗುವ ತೊಟ್ಟಿಲು, ಕುದುರೆ ಎಲ್ಲ ನೋಡೇ ಇರಲಿಲ್ಲ ಅಂತಲ್ಲ. ನಮ್ಮದು ಹೊಳೆನರಸೀಪುರದ ಕಡೆ. ಮೈಸೂರಿಗೆ ಪ್ಯಾಸೆಂಜರ್ ರೈಲು ಇತ್ತು, ದಸರಾ ವಸ್ತುಪ್ರದರ್ಶನಕ್ಕೆ ಹೋಗುತ್ತಿದ್ದೆವು. 1880ರಲ್ಲಿ ಹತ್ತನೇ ಚಾಮರಾಜ ಒಡೆಯರ ಕಾಲದಲ್ಲಿ ಶುರುವಾದ ಪ್ರದರ್ಶನ ಅದು. ಜನರಿಗೆ ಹೊಸ ವಿಷಯಗಳು ಗೊತ್ತಾಗಲಿ ಅನ್ನುವುದು ಅದರ ಉದ್ದೇಶ. ಆ ಉದ್ದೇಶವನ್ನು ನಮ್ಮಪ್ಪನಷ್ಟು ಮನಸ್ಸಿಗೆ ಹಚ್ಚಿಕೊಂಡವರು ಇನ್ನೊಬ್ಬರು ಇರಲಿಕ್ಕಿಲ್ಲ. ಕೃಷಿ ಇಲಾಖೆ, ಅರಣ್ಯ ಇಲಾಖೆ, ನೀರಾವರಿ ಇಲಾಖೆ, ಒಂದು ಮಳಿಗೆ ಬಿಡುತ್ತಿರಲಿಲ್ಲ. ಥರ್ಮೋಕೋಲಿನಲ್ಲಿ ಮಾಡಿದ ಅಣೆಕಟ್ಟು ನೋಡಬೇಕು, ಬೋರ್ಡು ಓದಬೇಕು, ಗಟ್ಟಿಯಾಗಿ ಓದಬೇಕು. ಅಷ್ಟರಲ್ಲಿ ಆ ಕಡೆ ಜಯಂಟ್ ವೀಲಿನ ದೀಪ ಹತ್ತಿಕೊಂಡು, ಸಾವಿನ ಬಾವಿಯ ಬೈಕಿನ ಸದ್ದು ಕೇಳಿಸಿ, ದೆಹಲಿ ಹಪ್ಪಳದ ವಾಸನೆ ಬಂದು ನಮ್ಮ ಕಾಲು ನಿಲ್ಲುತ್ತಿರಲಿಲ್ಲ. ಮೊರದಗಲದ ಆ ಹಪ್ಪಳ, ಮೇಲೆ ಕೆಂಪಗೆ ಖಾರದ ಪುಡಿ. ತಿಂದು ಮುಗಿಸುವಷ್ಟರಲ್ಲಿ ಅಂಗಿಯ ತುಂಬ ಎಣ್ಣೆ.

ಅಲ್ಲಿ ಒಂದು ವಿಷಯ ಗಮನಿಸಿ. ಪ್ರದರ್ಶನದಲ್ಲಿ ಪ್ರತಿ ಆಟಕ್ಕೂ ಬೇರೆ ಬೇರೆ ಟಿಕೆಟ್. ಹಾಗಾಗಿ ಮಕ್ಕಳಿಗೆ ಮಾತ್ರ ಟಿಕೆಟ್ ತೆಗೆಯುತ್ತಿದ್ದರು. ದೊಡ್ಡವರು ಕೆಳಗೆ ನಿಂತು ಚಪ್ಪಲಿ ಹಿಡಿದುಕೊಂಡು ಕೈ ಬೀಸುತ್ತಿದ್ದರು. "ನೀವೂ ಬನ್ನಿ" ಅಂದರೆ, "ನಮಗೆ ಯಾಕೋ ಅದೆಲ್ಲ" ಅನ್ನೋರು. ತಲೆ ಸುತ್ತುತ್ತೆ ಅನ್ನೋದು ನೆಪ, ದುಡ್ಡು ಉಳಿಸೋದು ನಿಜ.

ದೊಡ್ಡ ಪಾರ್ಕುಗಳು ಆಗ ದೂರದ ಮಾತು. ದೆಹಲಿಯಲ್ಲಿ 1984ರಲ್ಲೇ ಅಪ್ಪು ಘರ್ ಶುರುವಾಗಿತ್ತು, 1982ರ ಏಷ್ಯನ್ ಕ್ರೀಡಾಕೂಟದ ಲಾಂಛನವಾಗಿದ್ದ ಆನೆಮರಿ ಅಪ್ಪುವಿನ ಹೆಸರಲ್ಲಿ. 2008ರಲ್ಲಿ ಅದು ಮುಚ್ಚಿಯೂ ಹೋಯಿತು, ನಾವು ನೋಡಲಿಲ್ಲ. 1989ರಲ್ಲಿ ಮುಂಬೈ ಹತ್ತಿರ ಗೊರಾಯಿಯಲ್ಲಿ ಎಸ್ಸೆಲ್ ವರ್ಲ್ಡ್ ಬಂತು. ಅದರ ಜಾಹೀರಾತು ಟಿವಿಯಲ್ಲಿ ಬಂದರೆ ಊಟದ ತಟ್ಟೆ ಹಿಡಿದುಕೊಂಡೇ ಓಡಿ ಬರುತ್ತಿದ್ದೆವು. ಹಿಂದಿ ಬಾರದಿದ್ದರೂ ಹಾಡು ಬಾಯಿಪಾಠ. ಮುಂಬೈಯಲ್ಲಿದ್ದ ನೆಂಟರ ಮಕ್ಕಳು ರಜೆಗೆ ಬಂದಾಗ ಅಲ್ಲಿಗೆ ದೋಣಿಯಲ್ಲಿ ಹೋಗಬೇಕು ಅಂತ ಹೇಳಿದ್ದರು. ದೋಣಿ ಅಂದಿದ್ದಕ್ಕೆ ನಮ್ಮ ಹೊಟ್ಟೆಕಿಚ್ಚು ಇನ್ನೂ ಜಾಸ್ತಿ ಆಯಿತು.

ಈ ಶತಮಾನದ ಶುರುವಿನ ಹೊತ್ತಿಗೆ ನಮ್ಮ ಕಡೆಯೂ ಇಂಥವು ಬಂದವು. ಮೈಸೂರಿನಲ್ಲಿ ಕೆ.ಆರ್.ಎಸ್. ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕು, ಆಮೇಲೆ 2005ರಲ್ಲಿ ಬಿಡದಿ ಹತ್ತಿರ ವಂಡರ್‌ಲಾ. ವಂಡರ್‌ಲಾದವರು ಅದಕ್ಕೂ ಮೊದಲು, 2000ದಲ್ಲಿ, ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದಿದ್ದರು. ವಿ-ಗಾರ್ಡ್ ಸ್ಟೆಬಿಲೈಸರ್ ಮಾಡುತ್ತಿದ್ದ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿ ಅವರದೇ ಅದು. ನಮ್ಮ ಚಿಕ್ಕಪ್ಪ ಕೆಇಬಿಯಲ್ಲಿ ಲೈನ್‌ಮನ್. ಊರಿನ ವೋಲ್ಟೇಜ್ ಏರುಪೇರಾದರೆ ಜನ ಬೈಯುತ್ತಿದ್ದದ್ದು ಅವರನ್ನೇ. "ನೋಡಿ, ನಮ್ಮ ಕರೆಂಟಿನ ದಯೆಯಿಂದ ಸ್ಟೆಬಿಲೈಸರ್ ಮಾರಿದರು, ಆ ದುಡ್ಡಲ್ಲಿ ಪಾರ್ಕು ಕಟ್ಟಿದರು" ಅಂತ ಅವರ ವಾದ. ಯಾರೂ ಒಪ್ಪುತ್ತಿರಲಿಲ್ಲ, ಆದರೆ ಪೂರ್ತಿ ಸುಳ್ಳು ಅನ್ನೋಕೂ ಆಗುತ್ತಿರಲಿಲ್ಲ.

ಸರಿ, ಹೊರಟೆವು. ಬಾಡಿಗೆ ಟೆಂಪೋ ಟ್ರಾವೆಲರ್. ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ, ಅತ್ತೆ, ಅಜ್ಜಿ, ಮಕ್ಕಳ ಸೈನ್ಯ. ಪುಳಿಯೋಗರೆ, ಮೊಸರನ್ನ, ಕೋಡುಬಳೆ. ಹೊರಗಿನ ಊಟ ಒಳಗೆ ಬಿಡುವುದಿಲ್ಲ ಅಂತ ಮೊದಲೇ ಕೇಳಿದ್ದರಿಂದ ಗೇಟಿನ ಹೊರಗೆ ಗಾಡಿಯ ನೆರಳಲ್ಲಿ ಪೇಪರ್ ಹಾಸಿ ಬೆಳಿಗ್ಗೆ ಹನ್ನೊಂದಕ್ಕೇ ಎಲ್ಲರಿಗೂ ಮಧ್ಯಾಹ್ನದ ಊಟ. ಹಸಿವಿದೆಯೋ ಇಲ್ಲವೋ ಕೇಳುವವರಿಲ್ಲ. ಸಂಜೆ ತನಕ ಮತ್ತೆ ಏನೂ ಕೇಳಬಾರದು ಅಂತ ಎರಡೆರಡು ಸಲ ಬಡಿಸಿದರು. ಆ ಹೊಟ್ಟೆ ಇಟ್ಟುಕೊಂಡು ನಾವು ಗಿರಗಿರ ತಿರುಗಬೇಕಿತ್ತು, ಅದು ಯಾರಿಗೂ ಹೊಳೆಯಲಿಲ್ಲ.

ಒಳಗೆ ಹೋದ ಮೇಲೆ ಇಡೀ ದಿನದ ಆಟಕ್ಕೆಲ್ಲ ಒಂದೇ ಟಿಕೆಟ್ ಅಂತ ಅಪ್ಪನಿಗೆ ಗೊತ್ತಾಯಿತು. ನನ್ನ ಲೆಕ್ಕದಲ್ಲಿ ಇಲ್ಲೇ ಎಲ್ಲ ಬದಲಾಗಿದ್ದು. ದೊಡ್ಡವರಿಗೂ ಪೂರ್ತಿ ದುಡ್ಡು ಕೊಟ್ಟಾಗಿದೆ. ಕೆಳಗೆ ನಿಂತು ಚಪ್ಪಲಿ ಕಾಯೋದಕ್ಕೆ ಅಷ್ಟೊಂದು ದುಡ್ಡಾ? "ಎಲ್ಲರೂ ಎಲ್ಲದರಲ್ಲೂ ಕೂತ್ಕೋಬೇಕು, ದುಡ್ಡು ವಸೂಲಾಗಬೇಕು" ಅಂತ ಅಪ್ಪ ಆರ್ಡರ್ ಮಾಡಿದರು. ಅಜ್ಜಿಗೆ ಮಾತ್ರ ರಿಯಾಯಿತಿ. ಅವರು ಮರದ ಕೆಳಗೆ ಬ್ಯಾಗುಗಳ ಜೊತೆ ಕೂತರು.

ಮೊದಲು ಕೊಲಂಬಸ್. ದೊಡ್ಡ ಹಡಗಿನ ಆಕಾರದ ಉಯ್ಯಾಲೆ, ನೀವೂ ನೋಡಿರುತ್ತೀರಿ. ಕ್ಯೂನಲ್ಲಿ ನಿಂತು ಕೆಳಗೆ ಬಗ್ಗಿ ನೋಡಿದರೆ ಅದರ ಹೊಟ್ಟೆಯ ಅಡಿಯಲ್ಲಿ ಒಂದು ರಬ್ಬರ್ ಟೈರು. ಹಡಗು ಮೇಲಿಂದ ಹಾದು ಹೋಗುವಾಗೆಲ್ಲ ಆ ಟೈರು ಗರ್ರಂತ ತಿರುಗಿ ಒಂದು ತಳ್ಳು ತಳ್ಳುತ್ತೆ. ಈ ಕಡೆ ಹೋದಾಗ ಹೀಗೆ, ಆ ಕಡೆ ಬಂದಾಗ ಹಾಗೆ. ಅಷ್ಟು ದೊಡ್ಡ ಹಡಗನ್ನು ತೂಗೋದು ಒಂದು ಟೈರು! ಆಟಕ್ಕಿಂತ ಅದನ್ನೇ ನೋಡುತ್ತಾ ನಿಂತಿದ್ದೆ. ತುದಿಯ ಸೀಟಿನಲ್ಲಿ ಕೂತರೆ ಜಾಸ್ತಿ ಎತ್ತರ, ಹೊಟ್ಟೆಯಲ್ಲಿ ಜಾಸ್ತಿ ಕಳಕಳ. ಅಪ್ಪ ತುದಿಗೇ ಹೋದರು, ವಸೂಲಿ ಅಲ್ವಾ. ಹಡಗು ಎರಡನೇ ಸಲ ಮೇಲೆ ಹೋಗುವಷ್ಟರಲ್ಲಿ, ಮನೆಯಲ್ಲಿ ಕೆಮ್ಮಿದರೂ ನಾವೆಲ್ಲ ಪುಸ್ತಕ ಹಿಡಿದು ಕೂರುತ್ತಿದ್ದಂಥ ಆ ಮನುಷ್ಯ "ಅಯ್ಯಯ್ಯಪ್ಪೋ, ನಿಲ್ಸ್ರೋ" ಅಂತ ಕಿರುಚಿದರು. ನಾವು ಆಟದ ಭಯವನ್ನೇ ಮರೆತು ಅಪ್ಪನನ್ನು ನೋಡಿದೆವು. ಪಕ್ಕದಲ್ಲಿದ್ದ ಅಮ್ಮ ಕಣ್ಣೀರು ಬರುವಷ್ಟು ನಗುತ್ತಿದ್ದರು.

ರೋಲರ್ ಕೋಸ್ಟರ್ ಹತ್ತಿರ ಎತ್ತರ ಅಳೆಯುವ ಒಂದು ಹಲಗೆ ಇತ್ತು. ಅತ್ತೆಯ ಮಗ ಹಿಮ್ಮಡಿ ಎತ್ತಿ, ಕೂದಲನ್ನೂ ಮೇಲಕ್ಕೆ ಬಾಚಿಕೊಂಡು ನಿಂತ. ಕಾವಲಿನವರು ಭುಜ ಹಿಡಿದು ಮೆಲ್ಲಗೆ ಕೆಳಗೆ ಒತ್ತಿದರು, ಗೆರೆಗಿಂತ ಕೆಳಗೆ ಬಂದ. ಅಳು. ಸಾಲಿನಲ್ಲಿ ಮುಂದಿದ್ದ ಚಿಕ್ಕಪ್ಪ ನಮಗೆ ಪಾಠ ಶುರು ಮಾಡಿದರು. ಇದಕ್ಕೆ ಇಂಜಿನ್ ಇಲ್ಲ, ಮೊದಲ ಏರಿನ ತನಕ ಚೈನು ಎಳೆದುಕೊಂಡು ಹೋಗುತ್ತೆ, ಆಮೇಲೆ ಬರೀ ತನ್ನ ಭಾರಕ್ಕೇ ಓಡುತ್ತೆ, ಅದಕ್ಕೇ ಮೊದಲನೇ ಏರು ಎಲ್ಲಕ್ಕಿಂತ ಎತ್ತರ, ಹತ್ತುವಾಗ ಟಕಟಕ ಅನ್ನೋದು ಹಿಂದಕ್ಕೆ ಜಾರದ ಹಾಗೆ ಹಲ್ಲು ಕಚ್ಚಿಕೊಳ್ಳೋ ಸದ್ದು. ಎಲ್ಲ ಸರಿಯಾಗೇ ಹೇಳಿದರು. ಸರದಿ ಬಂದಾಗ ಮಾತ್ರ "ನಾನು ಅಳೋ ಮಗೂನ ನೋಡ್ಕೋತೀನಿ" ಅಂತ ಹೊರಗೆ ಬಂದುಬಿಟ್ಟರು. ದಿನಾ ಕಂಬ ಹತ್ತುವ ಮನುಷ್ಯ!

ನೀರಿನ ಕಡೆ ಹೋದಾಗ ನಿಜವಾದ ತಕರಾರು ಬಂತು, ಬಟ್ಟೆ. ಹತ್ತಿ ಬಟ್ಟೆ ನಡೆಯಲ್ಲ, ನೈಲಾನೇ ಆಗಬೇಕು. ಹತ್ತಿಯ ನೂಲು ಬಿಟ್ಟುಕೊಂಡು ಫಿಲ್ಟರಿಗೆ ಸೇರುತ್ತೆ, ನೆನೆದರೆ ಮೈಮೇಲೆ ಭಾರವೂ ಆಗುತ್ತೆ. ಸೀರೆಯಂತೂ ಇಲ್ಲವೇ ಇಲ್ಲ. ಅಮ್ಮ ಸೀರೆ ಬಿಟ್ಟು ಬೇರೆ ಉಟ್ಟಿದ್ದನ್ನು ನಾವು ನೋಡಿರಲಿಲ್ಲ. "ಏನ್ರೀ, ನಾನು ಅತ್ತೆಮ್ಮನ ಜೊತೆ ಕೂತಿರ್ತೀನಿ" ಅಂದರು. ಅಪ್ಪ ಏನೋ ಹೇಳುವ ಮೊದಲು ಅಜ್ಜಿಯೇ ಅಂದರು, "ಹೋಗೇ, ಇಲ್ಲಿ ನಮ್ಮೂರೋರು ಯಾರಿದ್ದಾರೆ ನೋಡೋಕೆ?" ದೇವರಿಲ್ಲದ ಊರಿಗೆ ಬೇಡ ಅಂದಿದ್ದವರೇ. ಅಮ್ಮ, ಚಿಕ್ಕಮ್ಮ, ಅತ್ತೆ ಮೂವರೂ ಬಾಡಿಗೆಗೆ ತೆಗೆದುಕೊಂಡ ದೊಗಳೆ ನೈಲಾನ್ ಟೀ ಶರ್ಟು, ಪ್ಯಾಂಟು ಹಾಕಿಕೊಂಡು ಹೊರಗೆ ಬಂದರು. ಒಬ್ಬರನ್ನೊಬ್ಬರು ನೋಡಿಕೊಂಡು ನಗೋಕೆ ಶುರು ಮಾಡಿದರು ನೋಡಿ, ಸಂಜೆ ತನಕ ನಿಲ್ಲಲಿಲ್ಲ.

ವೇವ್ ಪೂಲಿನ ಅಂಚಿನಲ್ಲಿ ಎಣ್ಣೆಸ್ನಾನಕ್ಕೆ ಕೂತವರ ಹಾಗೆ ಸಾಲಾಗಿ ಕೂತರು. ಆ ತುದಿಯ ಗೋಡೆಯ ಹಿಂದೆ ಕೋಣೆಗಳಿರುತ್ತವೆ, ಅದರೊಳಗೆ ಗಾಳಿ ನುಗ್ಗಿಸಿ ನೀರನ್ನು ಹೊರಗೆ ತಳ್ಳುತ್ತಾರೆ, ಬಿಟ್ಟು ಬಿಟ್ಟು ತಳ್ಳಿದರೆ ಅಲೆ. ಅಲೆ ಶುರುವಾಗುವ ಮುಂಚೆ ಸೈರನ್. ಸೈರನ್ ಕೇಳಿದ ತಕ್ಷಣ ನೂರಾರು ಜನ ಹೋ ಅಂತ ಕೂಗುತ್ತಾ ಆಳದ ಕಡೆ ಓಡುತ್ತಿದ್ದರು. ನಮ್ಮಮ್ಮ ದಡದಲ್ಲೇ. ಅಲೆ ಬಂದು ಹೊಡೆದಾಗ ಮೂವರೂ ಒಬ್ಬರ ಮೇಲೊಬ್ಬರು ಉರುಳಿ, ಎದ್ದು, ಮೂಗು ಹಿಡಿದು ಕೆಮ್ಮಿ, "ಇನ್ನೊಂದು ಸಲ" ಅಂದರು. ಸಮುದ್ರ ನೋಡದ ಅಮ್ಮನಿಗೆ ಮೊದಲ ಅಲೆ ಅದೇ. ಮುಂದೆ ಮುರುಡೇಶ್ವರಕ್ಕೆ ಹೋದಾಗ ನಿಜವಾದ ಸಮುದ್ರ ನೋಡಿ, "ಇಲ್ಲಿ ಸೈರನ್ ಹಾಕಲ್ಲ ಅಲ್ವಾ, ಹುಷಾರು" ಅಂತ ನಮಗೇ ಹೇಳಿದರು.

ಇದರದ್ದು ಒಂದೂ ಫೋಟೋ ಇಲ್ಲ. ಪಕ್ಕದ ಮನೆಯವರಿಂದ ತಂದಿದ್ದ ರೀಲಿನ ಕ್ಯಾಮೆರಾ, ನೀರು ತಾಗಬಾರದು ಅಂತ ಲಾಕರಿಗೆ ಹೋಯಿತು. ಹಾಗಾಗಿ ಆಲ್ಬಮ್ಮಿನಲ್ಲಿ ಇರೋದೆಲ್ಲ ಗೇಟಿನ ಮುಂದೆ ಸಾಲಾಗಿ ನಿಂತ, ಒಣಗಿದ ಬಟ್ಟೆಯ, ಗಂಭೀರ ಮುಖಗಳು. ಅದನ್ನು ನೋಡಿದವರು ಯಾವುದೋ ದೇವಸ್ಥಾನಕ್ಕೆ ಹೋಗಿದ್ದಾರೆ ಅಂದುಕೊಳ್ಳಬೇಕು. ಸಾಕ್ಷಿ ಇಲ್ಲದ ಕಾರಣ ಅಪ್ಪ ಈಗ ಕಿರುಚಿಯೇ ಇಲ್ಲ ಅಂತಾರೆ. ಚಿಕ್ಕಪ್ಪ ರೋಲರ್ ಕೋಸ್ಟರ್ ಹತ್ತಿದ್ದೆ ಅಂತಾರೆ. ಅತ್ತೆಯ ಮಗನನ್ನು ಸಾಕ್ಷಿಗೆ ಕರೆದರೆ, ಅವನಿಗೆ ಭುಜ ಒತ್ತಿದವರ ಮೇಲಿನ ಸಿಟ್ಟು ಬಿಟ್ಟು ಬೇರೆ ಏನೂ ನೆನಪಿಲ್ಲ.

ಈಗಿನ ಮಕ್ಕಳು ಮೊಬೈಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಕತ್ತಿಗೆ ನೇತುಹಾಕಿಕೊಂಡೇ ನೀರಿಗೆ ಇಳಿಯುತ್ತಾರೆ. ಜಾಸ್ತಿ ದುಡ್ಡು ಕೊಟ್ಟರೆ ಕ್ಯೂ ನಿಲ್ಲದೆ ನೇರ ಹೋಗುವ ಟಿಕೆಟ್ಟೂ ಸಿಗುತ್ತೆ. ಅದು ಅನುಕೂಲವೇ. ಆದರೆ ಟೈರು, ಚೈನು, ಹಲ್ಲು ಎಲ್ಲ ನನಗೆ ತಿಳಿದದ್ದು ಆ ಕ್ಯೂನಲ್ಲಿ ನಿಂತಿದ್ದಾಗಲೇ. ದಾರಿಯೂ ಬದಲಾಗಿದೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮದ್ದೂರು, ಬಿಡದಿ ಎರಡನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತೆ. ಮದ್ದೂರು ವಡೆ, ತಟ್ಟೆ ಇಡ್ಲಿ ಬೇಕು ಅಂದರೆ ನೆನಪಿಟ್ಟುಕೊಂಡು ಕೆಳಗಿನ ರಸ್ತೆಗೆ ಇಳಿಯಬೇಕು.

ಈ ಬೇಸಿಗೆಗೆ ಮತ್ತೆ ಹೋಗುವ ಮಾತು ನಡೀತಿದೆ. ಟಿಕೆಟ್ ರೇಟು ಕೇಳಿ ಅಪ್ಪ ಮುಖ ಸಿಂಡರಿಸಿದ್ದಾರೆ. ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆಯಾ ಅಂತ ವಿಚಾರಿಸು ಅಂದಿದ್ದಾರೆ. ಇದ್ದರೆ ಕೊಲಂಬಸ್ಸಿನ ತುದಿ ಸೀಟು ಅವರದ್ದೇ. ಈ ಸಲ ಅಮ್ಮ ಮೊಬೈಲ್ ಹಿಡಿದುಕೊಂಡು ಎದುರಿಗೇ ನಿಂತಿರುತ್ತಾರಂತೆ.

ನಮಸ್ಕಾರ.