ಕೆಡಿಸಿ ನೋಡಿದರೆ ತಿಳಿಯುತ್ತದೆ: ಜೀಬ್ರಾ ಮೀನು ಮತ್ತು ಜೀನ್ ಎಡಿಟಿಂಗ್

ಕೇಳುಗರಿಗೆ ನಮಸ್ಕಾರ. ಆ ಕಾಯಿಲೆಗೆ ಈ ಜೀನ್ ಕಾರಣ, ಈ ಗುಣಕ್ಕೆ ಆ ಜೀನ್ ಕಾರಣ ಎಂದು ಆಗಾಗ ಸುದ್ದಿ ಕೇಳುತ್ತೀರಿ, ಅಲ್ವಾ? ಆದರೆ ಒಂದು ಜೀನ್, ಅಂದರೆ ಡಿಎನ್‌ಎಯಲ್ಲಿ ಅಕ್ಷರಗಳಂತೆ ಬರೆದಿರುವ ಒಂದು ಸೂಚನೆ, ನಿಜವಾಗಿ ಏನು ಕೆಲಸ ಮಾಡುತ್ತದೆ ಎಂದು ತಿಳಿಯುವುದು ಹೇಗೆ? ಅದನ್ನು ಕೆಡಿಸಿ ನೋಡಬೇಕು. ಸುಮ್ನೆ ಊಹೆ ಮಾಡಿದರೆ ಸಾಲದು, ಕೆಡಿಸಿ, ಕಣ್ಣಾರೆ ನೋಡಬೇಕು.

ಹಾಗೆ ನೋಡಲು ಜೀಬ್ರಾ ಮೀನಿನಂಥ ಪ್ರಾಣಿ ಇನ್ನೊಂದಿಲ್ಲ. ಮೂರು-ನಾಲ್ಕು ಸೆಂಟಿಮೀಟರ್ ಉದ್ದದ, ಮೈಮೇಲೆ ಪಟ್ಟೆಗಳಿರುವ ಸಣ್ಣ ಮೀನು. ಇದರ ಮೊಟ್ಟೆ ನೀರಿನಲ್ಲೇ ಬೆಳೆಯುತ್ತದೆ, ಮರಿಯ ಮೈ ಗಾಜಿನಷ್ಟು ತಿಳಿ. ಒಂದೇ ದಿನಕ್ಕೆ ಹೃದಯ ಬಡಿಯಲು ಶುರುವಾಗುತ್ತದೆ, ಸ್ವಲ್ಪ ಹೊತ್ತಿಗೆ ರಕ್ತ ಓಡುವುದೂ ಮೈಕ್ರೋಸ್ಕೋಪಿನಲ್ಲಿ ಕಾಣುತ್ತದೆ. ಇಲಿಯಲ್ಲಾದರೆ ಇದೆಲ್ಲ ತಾಯಿಯ ಹೊಟ್ಟೆಯೊಳಗೆ ನಡೆದುಹೋಗುತ್ತದೆ.

ಮೀನಿಗೂ ಮನುಷ್ಯನಿಗೂ ಏನು ಸಂಬಂಧ ಎಂದು ಎಲ್ಲಿ ಹೋದರೂ ಕೇಳುತ್ತಾರೆ. ಸಂಬಂಧ ಇದೆ! ಜೀಬ್ರಾ ಮೀನಿನ ಪೂರ್ತಿ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಬರಹ, 2013ರಲ್ಲಿ ಪ್ರಕಟವಾದಾಗ, ನಮ್ಮ ಜೀನ್‌ಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಮೀನಿನಲ್ಲೂ ಸಾಟಿ ಜೀನ್ ಇರುವುದು ಗೊತ್ತಾಯಿತು.

ನನಗೆ ತುಂಬಾ ಇಷ್ಟವಾದ ಒಂದು ಕಥೆ ಹೇಳಲೇಬೇಕು. ಗೋಲ್ಡನ್ ಎಂಬ ಹೆಸರಿನ ಒಂದು ಬಗೆಯ ಜೀಬ್ರಾ ಮೀನಿದೆ. ಜೀಬ್ರಾ ಮೀನನ್ನು ಸಂಶೋಧನೆಗೆ ತಂದ ಜಾರ್ಜ್ ಸ್ಟ್ರೈಸಿಂಗರ್ ಅವರ ಕಾಲದಿಂದಲೂ ಅದು ಲ್ಯಾಬ್‌ಗಳಲ್ಲಿ ಇತ್ತು. ಅದರ ಪಟ್ಟೆಗಳು ಕಪ್ಪಾಗಿರದೆ ತೆಳು ಬಣ್ಣಕ್ಕಿದ್ದವು. ಯಾರೂ ಏನೂ ಮಾಡಿರಲಿಲ್ಲ, ತಾನಾಗಿಯೇ ಒಂದು ಜೀನ್ ಕೆಟ್ಟಿತ್ತು. ಯಾವ ಜೀನ್? ಅಮೆರಿಕದ ಕೀತ್ ಚೆಂಗ್ ಮತ್ತು ಸಂಗಡಿಗರು ಹುಡುಕುತ್ತಾ ಹುಡುಕುತ್ತಾ ಕೊನೆಗೂ ಅದನ್ನು ಹಿಡಿದು 2005ರಲ್ಲಿ ಪ್ರಕಟಿಸಿದರು. ಅದೇ ಜೀನ್ ಮನುಷ್ಯರಲ್ಲೂ ಇದೆ. ಆಗ ಅವರು ಏನು ಮಾಡಿದರು ಗೊತ್ತಾ? ಮನುಷ್ಯರ ಆ ಜೀನಿನಿಂದ ಮಾಡಿದ ಆರ್‌ಎನ್‌ಎಯನ್ನು, ಅಂದರೆ ಕೋಶ ಓದಿ ಕೆಲಸ ಮಾಡುವ ಅದರ ನಕಲನ್ನು, ಗೋಲ್ಡನ್ ಮೀನಿನ ಭ್ರೂಣಕ್ಕೆ ಚುಚ್ಚಿದರು. ಭ್ರೂಣಕ್ಕೆ ಕಪ್ಪು ಬಣ್ಣ ಮರಳಿ ಬಂತು! ಮನುಷ್ಯರ ಜೀನ್ ಮೀನಿನೊಳಗೆ ಕೆಲಸ ಮಾಡಿತು ಎಂದರೆ, ಯೋಚನೆ ಮಾಡಿ. ಆಮೇಲೆ ಮನುಷ್ಯರಲ್ಲಿ ನೋಡಿದರೆ, ಆ ಜೀನಿನ ಒಂದೇ ಒಂದು ಅಕ್ಷರದ ಬದಲಾವಣೆ ಯುರೋಪಿನ ಮೂಲದ ಹೆಚ್ಚುಕಡಿಮೆ ಎಲ್ಲರಲ್ಲೂ ಸಿಕ್ಕಿತು. ನಮ್ಮ ನಮ್ಮಲ್ಲಿ ಚರ್ಮದ ಬಣ್ಣ ಬೇರೆ ಬೇರೆ ಇರುವುದಕ್ಕೆ ಅದೊಂದು ದೊಡ್ಡ ಕಾರಣ. ಒಂದು ಸಣ್ಣ ಮೀನಿನ ತೆಳು ಪಟ್ಟೆಯಿಂದ ಶುರುವಾದದ್ದು ಇದು.

ಆದರೆ ಅಲ್ಲಿ ಜೀನ್ ಕೆಟ್ಟ ಮೀನು ಮೊದಲೇ ಕೈಯಲ್ಲಿತ್ತು, ಜೀನ್ ಹುಡುಕಬೇಕಿತ್ತು. ಜೀನ್ ಎಡಿಟಿಂಗ್ ಇದನ್ನು ತಿರುಗಿಸಿತು. ಈಗ ಜೀನನ್ನು ನಾವೇ ಆರಿಸುತ್ತೇವೆ, ನಾವೇ ಕೆಡಿಸುತ್ತೇವೆ. ಕ್ರಿಸ್ಪರ್ ಎಂಬ ವಿಧಾನ 2013ರಿಂದ ಜೀಬ್ರಾ ಮೀನಿನಲ್ಲಿ ಬಳಕೆಗೆ ಬಂತು. ರಾತ್ರಿ ಗಂಡು-ಹೆಣ್ಣು ಮೀನುಗಳ ನಡುವೆ ಒಂದು ತಡೆ ಇಟ್ಟು, ಬೆಳಿಗ್ಗೆ ದೀಪ ಹಾಕಿ ತೆಗೆದರೆ ಮೊಟ್ಟೆ ಸಿಗುತ್ತದೆ. ಮೊಟ್ಟೆ ಇನ್ನೂ ಒಂದೇ ಕೋಶವಾಗಿರುವಾಗ, ಅಂದರೆ ಮುಕ್ಕಾಲು ಗಂಟೆಯೊಳಗೆ, ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಎರಡು ವಸ್ತುಗಳನ್ನು ಒಳಗೆ ಬಿಡಬೇಕು: ಡಿಎನ್‌ಎ ಕತ್ತರಿಸುವ ಕ್ಯಾಸ್9, ಅದಕ್ಕೆ ಜಾಗ ತೋರಿಸುವ ಗೈಡ್ ಆರ್‌ಎನ್‌ಎ. ಕತ್ತರಿಸಿದ ಜಾಗವನ್ನು ಕೋಶ ಅವಸರದಲ್ಲಿ ಕೂಡಿಸುವಾಗ ಒಂದೆರಡು ಅಕ್ಷರ ಬಿಟ್ಟುಹೋಗುತ್ತದೆ ಅಥವಾ ಜಾಸ್ತಿ ಸೇರುತ್ತದೆ. ಜೀನನ್ನು ಮೂರು ಮೂರು ಅಕ್ಷರವಾಗಿ ಓದುವುದರಿಂದ ಅಲ್ಲಿಂದ ಮುಂದಿನದೆಲ್ಲ ತಪ್ಪಾಗುತ್ತದೆ. ಜೀನ್ ಕೆಟ್ಟಿತು, ಇನ್ನು ನೋಡುವುದಷ್ಟೇ. ಕಪ್ಪು ಬಣ್ಣ ತಯಾರಿಸಲು ಬೇಕಾದ ಟೈರೋಸಿನೇಸ್ ಎಂಬ ಜೀನನ್ನು ಕೆಡಿಸಿದರೆ ಎರಡೇ ದಿನದಲ್ಲಿ ಕಣ್ಣಲ್ಲಿ ಕಪ್ಪೇ ಇಲ್ಲದ ಮರಿ ಸಿಗುತ್ತದೆ.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಚುಚ್ಚಿದ ಮೀನಿನ ಎಲ್ಲ ಕೋಶಗಳಲ್ಲೂ ಜೀನ್ ಒಂದೇ ಥರ ಕೆಟ್ಟಿರುವುದಿಲ್ಲ, ಹಾಗಾಗಿ ಎಲ್ಲ ಕೋಶಗಳಲ್ಲೂ ಜೀನ್ ಕೆಟ್ಟಿರುವ ಮೀನು ಸಿಗಲು ಅದರಿಂದ ಎರಡು ತಲೆಮಾರು ಬೆಳೆಸುತ್ತಾರೆ. ಒಂದು ತಲೆಮಾರಿಗೆ ಮೂರು ತಿಂಗಳು ಸಾಕು. ಕೆಲವು ಸಲ ಜೀನ್ ಕೆಟ್ಟರೂ ಮೀನು ಚೆನ್ನಾಗಿಯೇ ಇರುತ್ತದೆ, ಏಕೆಂದರೆ ಅದನ್ನೇ ಹೋಲುವ ಇನ್ನೊಂದು ಜೀನ್ ಕೆಲಸ ವಹಿಸಿಕೊಳ್ಳುತ್ತದೆ. ಆಗ ಅದನ್ನೂ ಕೆಡಿಸಿ ನೋಡಬೇಕು. ಇದರಿಂದ ನಮಗೇನು ಉಪಯೋಗ? ಒಂದು ಮಗುವಿಗೆ ವಿರಳ ಕಾಯಿಲೆ ಇದೆ, ಅದರ ಡಿಎನ್‌ಎಯಲ್ಲಿ ಹಿಂದೆ ಯಾರೂ ನೋಡದ ಬದಲಾವಣೆ ಸಿಕ್ಕಿದೆ ಎಂದುಕೊಳ್ಳಿ. ಕಾರಣ ಅದೇನಾ, ಅಲ್ಲವಾ? ಆ ಜೀನನ್ನು ಮೀನಿನಲ್ಲಿ ಕೆಡಿಸಿದರೆ, ಮರಿಯ ಹೃದಯ ಹೇಗೆ ಬಡಿಯುತ್ತಿದೆ, ಸ್ನಾಯು ಹೇಗಿದೆ ಎಂದು ಕೆಲವೇ ದಿನಗಳಲ್ಲಿ ನೋಡಬಹುದು. ನಮಸ್ಕಾರ.