ಸೀತಾನದಿಯ ಬಂಡೆಯ ಮೇಲೆ ಹಲಸಿನೆಲೆಯ ಬಣ್ಣಗಳು

ಮಾರ್ಚ್ ತಿಂಗಳು ಬಂತೆಂದರೆ ಸೀತಾನದಿಯ ನೀರು ಬಂಡೆಗಳ ನಡುವಿನ ಗುಂಡಿಗಳಿಗೆ ಇಳಿದು, ಮಳೆಗಾಲವೆಲ್ಲ ಮುಳುಗಿದ್ದ ಕಲ್ಲುಗಳ ನುಣುಪಾದ ಬೆನ್ನು ಬಿಸಿಲಿಗೆ ತೆರೆದುಕೊಳ್ಳುತ್ತದೆ. ಈಗ ಈ ವಿಡಿಯೊದಲ್ಲಿ ನೀವು ನೋಡುತ್ತಿರುವ ಕಪ್ಪು ಬಂಡೆ ಅಂಥದ್ದೊಂದು. ಉಡುಪಿ ಜಿಲ್ಲೆಯ ಹೆಬ್ರಿ ಸಮೀಪದ ಒಂದು ತೋಟದ ಅಂಚಿನಲ್ಲಿ, ತೋಟದವರ ಒಪ್ಪಿಗೆ ಪಡೆದು, ಇದರ ಮೇಲೆ ಹಲಸಿನ ಎಲೆಗಳ ಒಂದು ಉದ್ದನೆಯ ಪಟ್ಟಿಯನ್ನು ಜೋಡಿಸುತ್ತಿದ್ದೇನೆ. ಒಂದು ತುದಿಯಲ್ಲಿ ಗಾಳಿಗೆ ಬಿದ್ದ ಕಡುಹಸಿರು ಎಲೆ, ಅಲ್ಲಿಂದ ತಿಳಿಹಸಿರು, ಹಳದಿ, ಕಿತ್ತಳೆ, ಕಂದು, ಕೊನೆಗೆ ಕೊಳೆತು ಕಪ್ಪಾದ ಎಲೆ. ಬಣ್ಣ ಹಚ್ಚುವುದಿಲ್ಲ, ಅಂಟು ಬಳಸುವುದಿಲ್ಲ, ಮರದಿಂದ ಒಂದೆಲೆಯನ್ನೂ ಕೀಳುವುದಿಲ್ಲ. ಮರ ತಾನಾಗಿ ಉದುರಿಸಿದ್ದನ್ನು ಅದರದೇ ಬಣ್ಣಗಳ ಕ್ರಮದಲ್ಲಿ ಇಡುವುದಷ್ಟೇ ಇಲ್ಲಿಯ ಕೆಲಸ.

ಹತ್ತಿರದಿಂದ ನೋಡಿ. ಹಲಸಿನ ಎಲೆಯ ಮೇಲ್ಮೈ ನುಣುಪು, ಹಿಂಬದಿ ಸ್ವಲ್ಪ ಒರಟು. ಎಲೆಯನ್ನು ನೀರಿನಲ್ಲಿ ಅದ್ದಿ, ಹಿಂಬದಿ ಕಲ್ಲಿಗೆ ತಾಗುವಂತೆ ಇಟ್ಟು, ನಡುನರದಿಂದ ಅಂಚಿನ ಕಡೆಗೆ ಹೆಬ್ಬೆರಳಿನಿಂದ ಒತ್ತುತ್ತಾ ಬಂದರೆ ಅಡಿಯಲ್ಲಿದ್ದ ಗಾಳಿ ಹೊರಗೆ ಹೋಗಿ, ಎಲೆಗೂ ಕಲ್ಲಿಗೂ ನಡುವೆ ಉಳಿದ ತೆಳುವಾದ ನೀರಿನ ಪದರವೇ ಅದನ್ನು ಹಿಡಿದಿಡುತ್ತದೆ. ಆ ಪದರ ಆರುವವರೆಗೆ ಮಾತ್ರ ಈ ಹಿಡಿತ. ಹಾಗಾಗಿ ಬಂಡೆಗೆ ಬಿಸಿಲು ತಾಗುವ ಮೊದಲೇ ಆರಂಭಿಸಬೇಕು, ಬೇಗ ಒಣಗುವ ಎಲೆಗಳನ್ನು ಕೊನೆಗೆ ಇಡಬೇಕು. ನಡುನರ ದಪ್ಪವಾಗಿದ್ದರೆ ಎಲೆ ಕಲ್ಲಿನ ಮೇಲೆ ಮಟ್ಟಸವಾಗಿ ಕೂರುವುದಿಲ್ಲ. ಚಾಕುವಿನಿಂದ ಹಿಂಬದಿಯ ನರವನ್ನು ತುಸು ಹೆರೆದುಕೊಳ್ಳುತ್ತೇನೆ.

ಎಲೆಯನ್ನು ಎಲೆಗೆ ಕೂಡಿಸುವ ವಿದ್ಯೆಯನ್ನು ಕರಾವಳಿಯವರು ಹೊರಗಿನಿಂದ ಕಲಿಯಬೇಕಾಗಿಲ್ಲ. ಎಲೆಯ ಬಟ್ಟಲಿನಲ್ಲಿ ಹಿಟ್ಟು ಹೊಯ್ದು ಬೇಯಿಸುವ ಕೊಟ್ಟೆ ಕಡುಬಿಗೆ ಹಲಸಿನ ಎಲೆಗಳನ್ನು ಕೂಡಿಸಿ ಕೊಟ್ಟೆ, ಅಂದರೆ ಆ ಬಟ್ಟಲು, ಕಟ್ಟುವಾಗ, ಹಿಡಿಸೂಡಿ (ತೆಂಗಿನ ಗರಿಯ ಪೊರಕೆ) ಕಡ್ಡಿಯನ್ನು ಎರಡು ಎಲೆಗಳ ಕೂಡುವ ಜಾಗದಲ್ಲಿ ಒಳಕ್ಕೆ ಚುಚ್ಚಿ, ತುಸು ದೂರದಲ್ಲಿ ಹೊರಕ್ಕೆ ತೆಗೆದು, ಉಳಿದ ತುದಿಯನ್ನು ಮುರಿಯುತ್ತಾರೆ. ಸ್ಕಾಟ್ಲೆಂಡಿನ ಪೆನ್‌ಪಾಂಟ್ ಎಂಬ ಹಳ್ಳಿಯಲ್ಲಿ ನೆಲೆಸಿರುವ, 1956ರಲ್ಲಿ ಹುಟ್ಟಿದ ಆಂಡಿ ಗೋಲ್ಡ್ಸ್‌ವರ್ದಿ ಈ ಬಗೆಯ ಕಲೆಯಲ್ಲಿ ಜಗತ್ತೇ ಬಲ್ಲ ಹೆಸರು. ಅವರು ಎಲೆಗಳನ್ನು ಮುಳ್ಳಿನಿಂದ ಕೂಡಿಸುತ್ತಾರೆ, ಮಂಜುಗಡ್ಡೆಯ ಚೂರುಗಳನ್ನು ಒದ್ದೆ ಮಾಡಿ ಒಂದಕ್ಕೊಂದು ಹೆಪ್ಪುಗಟ್ಟಿಸುತ್ತಾರೆ, ಮುಗಿದ ಕೃತಿಯ ಛಾಯಾಚಿತ್ರ ತೆಗೆದು ಅದನ್ನು ಗಾಳಿ ನೀರುಗಳಿಗೆ ಒಪ್ಪಿಸುತ್ತಾರೆ. ಅವರ ಮುಳ್ಳಿಗೂ ನಮ್ಮ ಅಡುಗೆಮನೆಯ ಕಡ್ಡಿಗೂ ಕೆಲಸ ಒಂದೇ ಎಂಬುದು ನನಗೆ ಬಹಳ ಸಂತೋಷ ಕೊಡುವ ಸಂಗತಿ.

ಆದರೆ ಅಳಿಯುವುದಕ್ಕೆಂದೇ ಮಾಡುವ ಕೃತಿಯನ್ನು ಎಷ್ಟು ಗಂಭೀರವಾಗಿ ಮಾಡಬಹುದು ಎಂಬುದನ್ನು ನನಗೆ ತೋರಿಸಿದ್ದು ಈ ಸೀಮೆಯ ನಾಗಮಂಡಲ. ಅದು ಮೊದಲಿಗೆ ನಾಗನ ಆರಾಧನೆ. ಕಲೆಯೆಂದು ಮಾತ್ರ ಅದನ್ನು ನೋಡುವುದು ಸರಿಯಲ್ಲ. ಆದರೂ ನೆಲದ ಮೇಲೆ ಬರೆಯುವ ಆ ಮಂಡಲದ ಕೈಕೆಲಸವನ್ನು ಕಣ್ಣಾರೆ ಕಂಡವರು ಅದನ್ನು ಮರೆಯಲಾರರು. ಐದು ಬಣ್ಣಗಳೂ ಸುತ್ತಮುತ್ತಲಿನ ವಸ್ತುಗಳಿಂದಲೇ ಬರುತ್ತವೆ: ಬಿಳಿಗೆ ಬಿಳಿ ಮಣ್ಣು, ಹಳದಿಗೆ ಅರಸಿನ, ಕೆಂಪಿಗೆ ಅರಸಿನದೊಂದಿಗೆ ಸುಣ್ಣ, ಹಸಿರಿಗೆ ಸೊಪ್ಪಿನ ಪುಡಿ, ಕಪ್ಪಿಗೆ ಹುರಿದು ಪುಡಿ ಮಾಡಿದ ಭತ್ತದ ಉಮಿ. ಹೆಣೆದುಕೊಂಡ ನಾಗನ ಸುರುಳಿಗಳನ್ನು ಪವಿತ್ರ ಗಂಟುಗಳೆಂದು ಎಣಿಸುತ್ತಾರೆ, ಪೂರ್ಣ ಮಂಡಲಕ್ಕೆ 16 ಗಂಟು. ಅಷ್ಟು ತಾಳ್ಮೆಯಿಂದ ಬರೆದ ಮಂಡಲದ ಮೇಲೆ ರಾತ್ರಿ ವೈದ್ಯರು (ಈ ಆರಾಧನೆಯ ಹಾಡು ಕುಣಿತ ನಡೆಸುವವರು) ಢಕ್ಕೆ ಎಂಬ ಪುಟ್ಟ ವಾದ್ಯ ನುಡಿಸುತ್ತಾ, ಹಿಂಗಾರ ಅಂದರೆ ಅಡಿಕೆಯ ಹೂಗೊನೆ ಹಿಡಿದ, ನಾಗನ ಆವೇಶ ಪಡೆಯುವ ಪಾತ್ರಿಯೊಂದಿಗೆ ಕುಣಿಯುತ್ತಾರೆ. ಬೆಳಗಾಗುವ ಹೊತ್ತಿಗೆ ಗೆರೆಗಳು ಕಲಸಿಹೋಗಿ, ಆ ಪುಡಿಯೇ ಪ್ರಸಾದವಾಗುತ್ತದೆ. ಬರೆಯುವವರಿಗೆ ಅಳಿಸುವ ಹೊತ್ತೂ ವಿಧಾನವೂ ಮೊದಲೇ ಗೊತ್ತಿರುತ್ತದೆ, ಮತ್ತು ಆ ಕಾರಣಕ್ಕೆ ಒಂದು ಗೆರೆಯೂ ಅಸಡ್ಡೆಯಿಂದ ಬೀಳುವುದಿಲ್ಲ. ಹೊರಾಂಗಣದಲ್ಲಿ ತಾತ್ಕಾಲಿಕ ಕೃತಿ ರಚಿಸುವ ಪ್ರತಿಯೊಬ್ಬರಲ್ಲೂ ಈ ಶಿಸ್ತು ಇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ: ಕೃತಿ ಹೇಗೆ ಅಳಿಯುತ್ತದೆ, ಅಳಿದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ತೀರ್ಮಾನಿಸದೆ ಮೊದಲ ಎಲೆಯನ್ನು ಇಡಬಾರದು.

ಈ ಪ್ರಶ್ನೆಯನ್ನು ಕೇಳಿಕೊಂಡ ಮೇಲೆ ನಾನು ಹೊಳೆಯ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸುವುದನ್ನು ಕೈಬಿಟ್ಟಿದ್ದೇನೆ. ಚಿತ್ರದಲ್ಲಿ ಅದು ಬಹಳ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಪಶ್ಚಿಮಘಟ್ಟದ ತೊರೆಗಳಲ್ಲಿ ಪ್ರತಿ ಕಲ್ಲಿನ ಅಡಿಯೂ ಯಾವುದೋ ಜೀವಿಯ ಮನೆ. ಕೊಟ್ಟಿಗೆಹಾರದ ಹೆಸರು ಹೊತ್ತ ಪುಟ್ಟ ಕುಣಿಯುವ ಕಪ್ಪೆ ತೊರೆಯ ತಳದಲ್ಲಿ ಗುಳಿ ತೋಡಿ ಮೊಟ್ಟೆಯಿಟ್ಟು ಮರಳುಕಲ್ಲುಗಳಿಂದ ಮುಚ್ಚುತ್ತದೆ. ಉತ್ತರ ಕನ್ನಡದ ಕಾಡಿನಲ್ಲಿ ಸಿಕ್ಕ, 2014ರಲ್ಲಿ ವಿಜ್ಞಾನಿಗಳು ವಿವರಿಸಿದ ಕುಂಬಾರ ಕಪ್ಪೆಯ ಗಂಡು, ಮುಂಗಾಲುಗಳಲ್ಲಿ ಕೆಸರು ಎತ್ತಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಇಂಥವು ಬಾಳುವ ನೀರಿನಲ್ಲಿ ಕಲ್ಲು ಕಿತ್ತು ಗೋಪುರ ಕಟ್ಟುವುದು ನನಗೆ ಸಮ್ಮತವಿಲ್ಲ. ಇನ್ನು ಹತ್ತಿರದಲ್ಲೇ ಸೋಮೇಶ್ವರ ವನ್ಯಜೀವಿ ಅಭಯಾರಣ್ಯವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುವ ಅಂಥ ಜಾಗಗಳಿಂದ ಏನನ್ನೂ ಆಯ್ದು ತರಬೇಡಿ. ದಾರ, ಬಣ್ಣದ ಪುಡಿ, ಮಿನುಗು ಇವು ಯಾವ ಹೊಳೆಯ ದಡಕ್ಕೂ ಬೇಡ.

ಪಟ್ಟಿ ಈಗ ಮುಗಿದಿದೆ. ಇಂಥ ಕೃತಿಗಳ ಚಿತ್ರಗಳಲ್ಲಿ ನಮಗೆ ಸಾಮಾನ್ಯವಾಗಿ ಕಾಣುವುದು ಎಲ್ಲವೂ ಸರಿಯಾಗಿ ಕೂತಿರುವ ಈ ಒಂದು ಗಳಿಗೆ ಮಾತ್ರ. ಅರ್ಧ ಕೃತಿಯನ್ನಷ್ಟೇ ತೋರಿಸಿದಂತಾಗಬಾರದೆಂದು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಸಂಜೆಯವರೆಗೂ ಬಿಡುತ್ತಿದ್ದೇನೆ. ಮುಂದಿನ ದೃಶ್ಯವನ್ನು ನೋಡುವಾಗ ಬಲತುದಿಯ ಹತ್ತಿರದ ಕಂದು ಎಲೆಗಳ ಮೇಲೆ ಕಣ್ಣಿಡಿ: ಒಮ್ಮೆ ಒಣಗಿದ್ದ ಅವು ನೀರು ಆರುತ್ತಿದ್ದಂತೆ ಮೊದಲು ಅಂಚು ಎತ್ತುತ್ತವೆ, ಆಮೇಲೆ ಹಳದಿ ಎಲೆಗಳು, ಕೊನೆಗೆ ಒಳಗಿನ ತೇವವನ್ನು ಇನ್ನೂ ಬಿಟ್ಟುಕೊಡದ ಹಸಿರು ಎಲೆಗಳು.